ಅಲ್ಜೀರಿಯಾಕ್ಕೆ ಹೊಸದಾಗಿ ಬಂದವರಿಗೆ: ಅಂಗಡಿಯ ಲೆಕ್ಕ, ಶುಕ್ರವಾರದ ಊಟ

ಆಲ್ಜಿಯರ್ಸ್‌ಗೆ ಕೆಲಸಕ್ಕೆಂದು ಬಂದ ಕನ್ನಡಿಗರಿಗೆ ಮೊದಲ ಗಲಿಬಿಲಿಯಾಗುವುದು ತರಕಾರಿ ಅಂಗಡಿಯಲ್ಲಿ. ಒಂದು ಕಿಲೋ ಟೊಮೆಟೊಗೆ ಅಂಗಡಿಯವರು ‘ಹತ್ತು ಸಾವಿರ’ ಎಂದರೆ ಗಾಬರಿಯಾಗಬೇಡಿ. ಅವರು ಕೇಳುತ್ತಿರುವುದು 100 ದಿನಾರ್ ಮಾತ್ರ. ಇಲ್ಲಿನ ಜನ ಬೆಲೆಯನ್ನು ಸಾಂಟೀಮ್‌ಗಳಲ್ಲಿ, ಅಂದರೆ ದಿನಾರಿನ ನೂರನೇ ಒಂದು ಭಾಗದಲ್ಲಿ ಹೇಳುತ್ತಾರೆ. ಫ್ರೆಂಚರ ಆಳ್ವಿಕೆಯಲ್ಲಿ, 1960ರಲ್ಲಿ, 100 ಹಳೆಯ ಫ್ರಾಂಕ್‌ಗಳು ಸೇರಿ ಒಂದು ಹೊಸ ಫ್ರಾಂಕ್ ಆಯಿತು. 1962ರಲ್ಲಿ ದೇಶ ಸ್ವತಂತ್ರವಾದ ಮೇಲೆ, 1964ರಲ್ಲಿ ಅದೇ ಬೆಲೆಗೆ ದಿನಾರ್ ಬಂದಿತು. ಪೈಸೆ ಬಂದ ಮೇಲೂ ನಮ್ಮ ಹಿರಿಯರು ನಾಲ್ಕಾಣೆ, ಎಂಟಾಣೆ ಎನ್ನುತ್ತಿದ್ದ ಹಾಗೆ, ಜನರ ಬಾಯಲ್ಲಿ ಹಳೆಯ ಫ್ರಾಂಕಿನ ಲೆಕ್ಕವೇ ಉಳಿದುಕೊಂಡಿದೆ. ಮನೆ ಬಾಡಿಗೆ ಮಾತನಾಡುವಾಗ ‘ಒಂದು ಮಿಲಿಯನ್’ ಎಂದರೆ 10,000 ದಿನಾರ್ ಎಂಬುದನ್ನು ನೆನಪಿಡಿ. ಅನುಮಾನವಿದ್ದರೆ ಕಾಗದದ ಮೇಲೆ ಬರೆಸಿಕೊಳ್ಳಿ. ಸಣ್ಣ ಅಂಗಡಿಗಳಿಗೆ ಹೋಗುವಾಗ ಕೈಯಲ್ಲಿ ನಗದು ಇರಲಿ.

ಅರಬ್ಬಿ ಮತ್ತು ಬೆರ್ಬರ್ ಜನರ ನುಡಿಯಾದ ತಮಾಝಿಗ್ತ್ ಇಲ್ಲಿನ ಅಧಿಕೃತ ಭಾಷೆಗಳು. ಎರಡನೆಯದಕ್ಕೆ ಆ ಸ್ಥಾನ ದೊರೆತದ್ದು 2016ರಲ್ಲಿ. ಬೀದಿಯಲ್ಲಿ ಕೇಳುವ ದಾರಿಜಾ ಎಂಬ ಆಡುಮಾತಿನ ಅರಬ್ಬಿಯಲ್ಲಿ ಫ್ರೆಂಚ್ ಪದಗಳು ಧಾರಾಳವಾಗಿ ಬೆರೆತಿವೆ. ‘ಸಲಾಮ್ ಅಲೈಕುಂ’ ಎಂದು ಹೇಳಿ, ‘ಲಾಬಾಸ್?’ ಎಂದು ಕ್ಷೇಮ ವಿಚಾರಿಸಿದ ನಂತರವೇ ನಿಮ್ಮ ಕೆಲಸದ ಮಾತು ಎತ್ತಿ.

ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಯ ಹೊತ್ತಿಗೆ ಅಂಗಡಿಗಳು ಮುಚ್ಚುತ್ತವೆ, ಮನೆಮನೆಯಲ್ಲಿ ರವೆಯಿಂದ ಮಾಡುವ ಕುಸ್‌ಕುಸ್ ಬೇಯುತ್ತದೆ. ಪಕ್ಕದ ಮನೆಯವರು ಒಂದು ತಟ್ಟೆ ನಿಮಗೂ ಕಳುಹಿಸಬಹುದು. ಅದರ ಜೊತೆಗಿನ ಸಾರಿನಲ್ಲಿ ಸಾಮಾನ್ಯವಾಗಿ ಮಾಂಸವಿರುವುದರಿಂದ, ಸಸ್ಯಾಹಾರಿಗಳು ಅದನ್ನು ಮೊದಲೇ ವಿನಯದಿಂದ ತಿಳಿಸಿರುವುದು ಒಳ್ಳೆಯದು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬೇಡಿ. ಎಲ್ಲೆಡೆ ಒಳ್ಳೆಯ ರವೆ ಸಿಗುತ್ತದೆ; ನಾನು ಕಳುಹಿಸಿದ ಕೇಸರಿಬಾತ್ ನಮ್ಮ ಮಹಡಿಯ ಮಕ್ಕಳಿಗೆ ಈಗ ಬಹಳ ಇಷ್ಟ. ಬೀದಿಯಲ್ಲಿ ಮಾರುವ ಕಡಲೆಹಿಟ್ಟಿನ ಕರಂತಿಕಾ ನಮ್ಮ ನಾಲಿಗೆಗೆ ಒಗ್ಗುತ್ತದೆ, ಆದರೆ ಮೊಟ್ಟೆ ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಿ. ಹುಣಸೆಹಣ್ಣು, ಸಾರಿನ ಪುಡಿಗಳನ್ನು ಊರಿನಿಂದಲೇ ತನ್ನಿ. ಉಳಿದ ಬ್ರೆಡ್ಡನ್ನು ಕಸದೊಂದಿಗೆ ಎಸೆಯಬೇಡಿ. ಅನ್ನವನ್ನು ತುಳಿಯಬಾರದೆಂದು ನಾವು ಕಲಿತಂತೆ ಇವರು ಬ್ರೆಡ್ಡನ್ನು ಗೌರವಿಸುತ್ತಾರೆ, ಉಳಿದದ್ದನ್ನು ಬೇರೆ ಚೀಲದಲ್ಲಿ ಕಟ್ಟಿ ಇಡುತ್ತಾರೆ. ರಂಜಾನ್ ತಿಂಗಳಿನಲ್ಲಿ ಹಗಲು ಹೊತ್ತು ಹೊರಗೆ ನೀರನ್ನೂ ಕುಡಿಯದಿರುವುದು ಸಭ್ಯತೆ.

ಸುಮಾರು 23.8 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಈ ದೇಶ ಆಫ್ರಿಕಾದಲ್ಲಿಯೇ ದೊಡ್ಡದು, ಅದರ ಬಹುಭಾಗ ಸಹಾರಾ. ಆದರೂ ಬರಿಯ ಮರಳನ್ನು ಕಲ್ಪಿಸಿಕೊಂಡು ಬರಬೇಡಿ. ಚಳಿಗಾಲದಲ್ಲಿ ಜುರ್ಜುರಾ ಬೆಟ್ಟಗಳ ಮೇಲೆ ಹಿಮ ಬೀಳುತ್ತದೆ, ಆದ್ದರಿಂದ ಸ್ವೆಟರ್ ತರುವುದನ್ನು ಮರೆಯಬೇಡಿ. ಮೊದಲ ಬಿಡುವಿನ ಶನಿವಾರ, ಕಡಲ ದಂಡೆಯ ಮೇಲೆ ರೋಮನ್ನರ ಕಾಲದ ಅವಶೇಷಗಳಿರುವ ತಿಪಾಝಾಕ್ಕೆ ಹೋಗಿ. ನಂತರ ಆಳವಾದ ಕಮರಿಯ ಮೇಲೆ ಸೇತುವೆಗಳನ್ನು ಕಟ್ಟಿಕೊಂಡಿರುವ ಕಾನ್‌ಸ್ಟಂಟೀನ್ ನಗರವನ್ನು ನೋಡಿ. ಬಂಡೆಗಳ ಮೇಲೆ ಪ್ರಾಚೀನ ಚಿತ್ರಗಳಿರುವ ತಸ್ಸಿಲಿ ನಾಜ್ಜರ್ ಬಹು ದೂರದ ದಕ್ಷಿಣದಲ್ಲಿದೆ. ಅಲ್ಲಿಗೆ ಒಬ್ಬರೇ ಹೊರಡಬೇಡಿ. ಮರುಭೂಮಿಯನ್ನು ಬಲ್ಲ ಸ್ಥಳೀಯ ಮಾರ್ಗದರ್ಶಕರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.