ವಿಪಿಎನ್ ಹಚ್ಚಿದರೆ ವಿಡಿಯೊ ನಿಲ್ಲುತ್ತಿತ್ತು: ಸರಿಯಾಗಿದ್ದು ಹೀಗೆ

ವಿಜಯಪುರದ ಮನೆಯೊಂದರ ಫೈಬರ್ ಲೈನ್. ವೈರ್‌ಗಾರ್ಡ್ ಎಂಬ ಬಗೆಯ ವಿಪಿಎನ್ (ನಮ್ಮ ಇಂಟರ್ನೆಟ್ ಸಂಚಾರವನ್ನು ಗುಟ್ಟಾಗಿ ಬೇರೊಂದು ಸರ್ವರ್ ಮೂಲಕ ಸಾಗಿಸುವ ವ್ಯವಸ್ಥೆ) ಹಚ್ಚಿದ ಕೂಡಲೇ ಸಣ್ಣ ಪುಟಗಳು ತೆರೆಯುತ್ತವೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಸರ್ವರ್ ಬದಲಿಸಿದರೂ ಅದೇ ಪಾಡು. ಇಂಥಲ್ಲಿ ಬೇರೆ ವಿಪಿಎನ್‌ಗೆ ದುಡ್ಡು ಕಟ್ಟುವ ಮೊದಲು ಪ್ಯಾಕೆಟ್, ಅಂದರೆ ಡೇಟಾ ಸಾಗುವ ಒಂದೊಂದು ತುಣುಕಿನ ಗಾತ್ರ ನೋಡಬೇಕು.

ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ) ಲೈನಿನಲ್ಲಿ ಸಾಮಾನ್ಯವಾಗಿ ಒಂದು ಪ್ಯಾಕೆಟ್ 1492 ಬೈಟ್ ಮೀರುವಂತಿಲ್ಲ. ವೈರ್‌ಗಾರ್ಡ್‌ನ ರೂಢಿಯ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1420. ಸರ್ವರ್‌ಗೆ ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ) ದಾರಿಯಲ್ಲಿ ಹೋದರೆ ಅದರ ಮೇಲೆ 80 ಬೈಟ್ ಹೊದಿಕೆ ಸೇರಿ 1500 ಆಗುತ್ತದೆ. ಬರೀ 8 ಬೈಟ್ ಹೆಚ್ಚು, ಅಷ್ಟಕ್ಕೇ ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲಿ ಬಿದ್ದುಹೋಗುತ್ತವೆ. ಹಳೆಯ ಬಗೆಯ ಐಪಿವಿ4 ಆದರೆ ಹೊದಿಕೆ 60 ಬೈಟ್, ತೊಂದರೆ ಇಲ್ಲ. ಅದಕ್ಕೇ ಒಮ್ಮೆ ನಡೆದು ಒಮ್ಮೆ ಕೈಕೊಡುತ್ತದೆ.

ವಿಪಿಎನ್ ಆಫ್ ಮಾಡಿ, ತುಂಡಾಗದಂತೆ ಐಪಿವಿ4 ಪಿಂಗ್ (ಸಂಪರ್ಕ ಪರೀಕ್ಷಿಸುವ ಸಂದೇಶ) ಕಳಿಸಿದಾಗ 1464 ಬೈಟ್ ದಾಟಿತು, 1465 ನಿಂತಿತು. ಹೆಡರ್‌ನ 28 ಕೂಡಿಸಿದರೆ 1492. ಅದರಲ್ಲಿ ಹೊದಿಕೆಯ 80 ಕಳೆದು ವೈರ್‌ಗಾರ್ಡ್‌ನ ಎಂಟಿಯು 1412ಕ್ಕೆ ಇಳಿಸಿದ ಮೇಲೆ ವಿಡಿಯೊ ಓಡಿತು. ಅದೇ ವಿಪಿಎನ್ ಪ್ರೊಫೈಲನ್ನು ಮೊಬೈಲ್ ಡೇಟಾದಲ್ಲೂ ಬಳಸುವವರು 1280 ಇಡುವುದು ಕ್ಷೇಮ.

ವಿಪಿಎನ್ ಹೊರಗೆ ಮಾಹಿತಿ ಸೋರುತ್ತಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ. ಡಿಎನ್ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಸೋರಿಕೆ ಪರೀಕ್ಷೆಯಲ್ಲಿ ನಿಮ್ಮ ಲೈನ್ ಕಂಪನಿಯ ಹೆಸರು ಕಂಡರೆ ನೀವು ತೆರೆಯುವ ತಾಣಗಳ ಹೆಸರು ಅವರಿಗೆ ತಿಳಿಯುತ್ತಿದೆ ಎಂದೇ ಅರ್ಥ. ಆಂಡ್ರಾಯ್ಡ್‌ನಲ್ಲಿ ‘ಸದಾ ಆನ್’ ಜೊತೆಗೆ ‘ವಿಪಿಎನ್ ಇಲ್ಲದ ಸಂಪರ್ಕ ತಡೆ’ಯನ್ನೂ ಆನ್ ಮಾಡಿ, ಒಂದೇ ಸಾಲದು.

ಇನ್ನು ವಿಪಿಎನ್ ಪಟ್ಟಿಯಲ್ಲಿ ಕಾಣುವ ‘ಭಾರತ’ ಸರ್ವರ್. ಗ್ರಾಹಕರ ವಿವರ 5 ವರ್ಷ ಇಡಬೇಕೆಂದು ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದ ಮೇಲೆ ಹಲವು ಕಂಪನಿಗಳು ಯಂತ್ರಗಳನ್ನು ಸಿಂಗಪುರದಂಥ ಕಡೆ ಇಟ್ಟು ಭಾರತದ ವಿಳಾಸ ಕೊಡುತ್ತಿವೆ. ದಾರಿ ಸುತ್ತುಬಳಸಿ ತಡವಾಗಬಹುದಾದ್ದರಿಂದ ಲೈವ್ ಕ್ರಿಕೆಟ್ ನೋಡುವವರು ಚಂದಾ ಕಟ್ಟುವ ಮೊದಲು ಇದನ್ನು ಕೇಳಿಕೊಳ್ಳಿ.