ಓದದೇ ಬಿಟ್ಟ ಬ್ಯಾಂಕ್ ಮೆಸೇಜುಗಳು

ಚಿಕ್ಕಪೇಟೆಯಲ್ಲಿ ನನ್ನದು ಮದುವೆ ಕಾರ್ಡ್ ಪ್ರಿಂಟ್ ಮಾಡುವ ಸಣ್ಣ ಅಂಗಡಿ. ವಾಟ್ಸಾಪಿನಲ್ಲೇ ಕರೆಯುವವರು ಜಾಸ್ತಿಯಾದ ಮೇಲೆ ಆರ್ಡರ್ ಇಳಿಯಿತು, ಮೆಷಿನ್ ಸಾಲ ಇಳಿಯಲಿಲ್ಲ. ತಿಂಗಳ 5ಕ್ಕೆ ಕಂತು. 1ನೇ ತಾರೀಖಿನಿಂದಲೇ ಎದೆ ಡವಡವ, ಬೆಳಗಿನ ಜಾವ ಮೂರಕ್ಕೆ ಎಚ್ಚರ. ಬರಬರುತ್ತಾ ಅಂಗಡಿ ಬಾಗಿಲು ತೆಗೆಯುವುದೇ ಬೇಡ ಅನಿಸತೊಡಗಿತು.

ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು. ಥೆರಪಿ ತೊಗೊಳ್ಳಿ ಎಂದು ಅವರೇ ಹೇಳಿದರು. ಅಂಗಡಿ ಮುಚ್ಚಿ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಕಳೆಯಲು ಆಗದೆ, ಫೀಸು ತೊಗೊಳ್ಳುವ ಥೆರಪಿಸ್ಟ್ ಮೇಡಂ ಒಬ್ಬರ ಜೊತೆ ವಿಡಿಯೊ ಕಾಲ್ ಆರಿಸಿಕೊಂಡೆ. ಸಾಲಕ್ಕೆ ಹೆದರಿದವನಿಗೆ ಫೀಸೂ ಭಾರವೇ ಅಲ್ವಾ? ಬಾಯಿಬಿಟ್ಟು ಕೇಳಿದೆ. ವಾರದ ಬದಲು ಹದಿನೈದು ದಿನಕ್ಕೊಮ್ಮೆ ಅಂತಾಯಿತು. ನೀವೂ ಸಂಕೋಚ ಬಿಟ್ಟು ಕೇಳಿ.

ಎರಡು ಕೋಣೆಯ ಬಾಡಿಗೆ ಮನೆ. ಹಾಗಾಗಿ ಟೆರೇಸಿನ ನೀರಿನ ಟ್ಯಾಂಕ್ ಪಕ್ಕ ಕೂರುತ್ತಿದ್ದೆ. ಮೂರನೇ ಸಲದ ಕಾಲ್‌ನಲ್ಲಿ ಮೇಡಂ ಕೇಳಿದರು, "ಬ್ಯಾಂಕ್ ಮೆಸೇಜ್ ಕೊನೇ ಸಲ ಓದಿದ್ದು ಯಾವಾಗ ಸರ್?"

"ನಾಲ್ಕು ತಿಂಗಳಾಯ್ತು ಮೇಡಂ."

"ಈಗ ತೆಗೀರಿ. ನಾನು ಇಲ್ಲೇ ಇರ್ತೀನಿ."

ಕೈ ಬೆವರಿ, ಬೆರಳಿಟ್ಟರೂ ಫೋನ್ ಲಾಕ್ ತೆರೆಯಲಿಲ್ಲ. ಪಂಚೆಗೆ ಒರೆಸಿಕೊಂಡು ತೆರೆದೆ. ಜೇಬಿನಲ್ಲಿ ತಪ್ಪು ಪ್ರಿಂಟಾದ ಕಾರ್ಡ್ ಒಂದಿತ್ತು, ಅದರ ಹಿಂದೆ ಲೆಕ್ಕ ಬರೆದೆ. ತಲೆಯಲ್ಲಿ ಹತ್ತು ಲಕ್ಷ ಕೂತಿತ್ತು. ಬಾಕಿ ಇದ್ದದ್ದು ನಾಲ್ಕು ಲಕ್ಷ ಎಂಬತ್ತು ಸಾವಿರ. ಭಯ ಹತ್ತಕ್ಕೆ ಎಷ್ಟು ಅಂದರು. ಶುರುವಿನಲ್ಲಿ ಒಂಬತ್ತು ಅಂದಿದ್ದೆ, ಕಾಲು ಗಂಟೆ ಕಳೆದ ಮೇಲೆ ಆರು. ನೋಡದೆ ತಪ್ಪಿಸಿಕೊಂಡರೆ ಆ ಗಳಿಗೆಗೆ ಹಾಯೆನಿಸುತ್ತದೆ, ಮುಂದಿನ ಸಲ ಭಯ ಇನ್ನೂ ದೊಡ್ಡದಾಗಿ ಬರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ನನ್ನ ನಾಲ್ಕು ತಿಂಗಳು ಹೋದದ್ದೇ ಹಾಗೆ.

ಆಮೇಲೆ ಶನಿವಾರ ಸಂಜೆ ಆರಕ್ಕೆ ಅರ್ಧ ಗಂಟೆ ಲೆಕ್ಕಕ್ಕೆ ಅಂತ ಇಟ್ಟೆವು. ರಾತ್ರಿ ಚಿಂತೆ ಬಂದರೆ ಚೀಟಿಯಲ್ಲಿ ಬರೆದು ಶನಿವಾರಕ್ಕೆ ತಳ್ಳುವುದು. ಥೆರಪಿಯಿಂದ ಸಾಲ ತೀರುವುದಿಲ್ಲ. ಆದರೆ ಬ್ಯಾಂಕಿಗೆ ಹೋಗಿ ಅವಧಿ ಹೆಚ್ಚಿಸಿ, ಕಂತು ಇಳಿಸಿ ಎಂದು ಕೇಳುವಷ್ಟು ಧೈರ್ಯ ಬಂತು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಅದು ಗೊತ್ತಾದ ಮೇಲೆ ರಾತ್ರಿ ಫೋನ್ ರಿಂಗಾದರೆ ಮೊದಲಿನಷ್ಟು ಬೆಚ್ಚುವುದಿಲ್ಲ.

ಹೆಂಡತಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮಾತು ಹೊರಡದೆ ಆ ಕಾರ್ಡನ್ನೇ ಕೈಗೆ ಕೊಟ್ಟೆ. ತಿರುಗಿಸಿ ಓದಿ, "ಇಷ್ಟಕ್ಕಾ ರೀ, ಇಷ್ಟು ದಿನ ಊಟ ಬಿಟ್ಟಿದ್ದು?" ಅಂದಳು. ಈಗ ಶನಿವಾರ ಆರಕ್ಕೆ ಇಬ್ಬರೂ ಕೂರುತ್ತೇವೆ. ಕೂಡುವುದು ಅವಳು, ಬರೆಯುವುದು ನಾನು.