ಹಿಂದಿನ ಚಕ್ರಕ್ಕೆ ಎಣ್ಣೆ ಇಳಿದರೆ: ಹಳೆಯ ಜಿಪ್ಸಿಯ ಆಕ್ಸಲ್ ಸೀಲ್ ಬದಲಿಸುವ ಬಗೆ

ಗದಗ, ನವಲಗುಂದ, ನರಗುಂದದ ಕಡೆ ಮಳೆಗಾಲದಲ್ಲಿ ಎರೆ ಹೊಲಕ್ಕೆ ಹೋಗಿಬರಲು ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕಾಗುವುದರಿಂದ, ಹಳೆಯ ಜಿಪ್ಸಿ ಮತ್ತು ಮಹೀಂದ್ರ ಜೀಪುಗಳನ್ನು ಜತನದಿಂದ ಇಟ್ಟುಕೊಂಡವರು ಈಗಲೂ ಇದ್ದಾರೆ. ಇಂಥ ಗಾಡಿಯ ಹಿಂದಿನ ಚಕ್ರದ ಒಳಮೈಯಲ್ಲಿ, ಡ್ರಮ್ಮಿನ ಕೆಳಗಿನಿಂದ ಟೈರಿನತ್ತ ಇಳಿದ ಕಪ್ಪು ಗೆರೆ ಒಂದಲ್ಲ ಒಂದು ದಿನ ಕಾಣಿಸುತ್ತದೆ. ಚಕ್ಕಡಿಯ ಅಚ್ಚಿನಿಂದ ಕೀಲೆಣ್ಣೆ ಒಸರಿದರೆ ಯಾರಿಗೂ ಚಿಂತೆಯಿಲ್ಲ. ಜೀಪಿನಲ್ಲಿ ಮಾತ್ರ ಆ ಎಣ್ಣೆ ಬ್ರೇಕ್ ಶೂಗಳ ಮೇಲೆ ಬೀಳುತ್ತದೆ. ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ, ಇಲ್ಲವೇ ನಿಲ್ಲುವುದೇ ಇಲ್ಲ. ಆದ್ದರಿಂದ ಗೆರೆ ಕಂಡ ಮೇಲೆ ರಿಪೇರಿಯಾಗುವವರೆಗೆ ಗಾಡಿ ಓಡಿಸಬಾರದು.

ಇಲ್ಲಿ ವಿವರಿಸಿರುವುದು 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಯ ಹಿಂದಿನ ಆಕ್ಸಲ್ ಕೆಲಸವನ್ನು. ಆಕ್ಸಲ್ ಕೊಳವೆಯ ಬಾಯಲ್ಲಿ, ತಿರುಗುವ ಶಾಫ್ಟಿನ ಸುತ್ತ ಕೂತು ಒಳಗಿನ ಗೇರ್ ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆಯೇ ಸೀಲ್. ಶಾಫ್ಟಿಗೆ ಉಜ್ಜುವ ಅದರ ಒಳ ಅಂಚೇ ತುಟಿ. ಬೇರೆ ಗಾಡಿಗಳಲ್ಲಿ ಶಾಫ್ಟ್ ಕೂರಿಸಿರುವ ರೀತಿ ಬೇರೆಯಾದರೂ ಸೋರಿಕೆಯ ಕಾರಣಗಳು ಬಹುಮಟ್ಟಿಗೆ ಇವೇ.

ಮೊದಲು, ಸೋರುತ್ತಿರುವುದು ಯಾವ ಎಣ್ಣೆ ಎಂಬುದನ್ನು ತಿಳಿಯಬೇಕು. ಗೇರ್ ಆಯಿಲ್ ಮಂದವಾಗಿದ್ದು, ಮೂಗಿಗೆ ಹಿಡಿದರೆ ಗಂಧಕದ ಕಟುವಾಸನೆ ಬರುತ್ತದೆ. ಬ್ರೇಕ್ ಆಯಿಲ್ ತೆಳುವಾಗಿದ್ದು ನೀರಿನಲ್ಲಿ ಬೆರೆತುಹೋಗುತ್ತದೆ. ಅದಾಗಿದ್ದರೆ ದೋಷ ಬ್ರೇಕ್ ಶೂಗಳನ್ನು ಹೊರತಳ್ಳುವ ವೀಲ್ ಸಿಲಿಂಡರಿನದು, ಆಕ್ಸಲ್ ಬಿಚ್ಚುವ ಅಗತ್ಯವೇ ಇಲ್ಲ. ಜಾಗ ಗೊತ್ತಾಗದಿದ್ದರೆ ಆಕ್ಸಲನ್ನು ಡೀಸೆಲ್‌ನಿಂದ ತೊಳೆದು, ಚೆನ್ನಾಗಿ ಒರೆಸಿ, ಚಾಕ್‌ಪೀಸಿನ ಪುಡಿಯನ್ನು ವಿಭೂತಿಯ ಹಾಗೆ ತೆಳುವಾಗಿ ಬಳಿದು ಹತ್ತಿರದಲ್ಲೇ ನಿಧಾನವಾಗಿ ಒಂದು ಸುತ್ತು ಹೋಗಿಬರಬೇಕು. ಎಣ್ಣೆ ಎಲ್ಲಿಂದ ಹೊರಟಿದೆಯೋ ಅಲ್ಲಿ ಬಿಳುಪು ಕಪ್ಪಾಗಿರುತ್ತದೆ.

ಸೀಲ್ ಕೊಳ್ಳುವುದಕ್ಕೂ ಮೊದಲು ನೋಡಬೇಕಾದದ್ದು ಬ್ರೀದರ್. ಆಕ್ಸಲ್ ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಲೆಂದೇ ಆಕ್ಸಲ್ ಮೇಲ್ಭಾಗದಲ್ಲಿ ಈ ಸಣ್ಣ ಕಿಂಡಿ ಇದೆ. ಅದು ಮುಚ್ಚಿಹೋದರೆ ಗಾಳಿಯ ಒತ್ತಡ ಎಣ್ಣೆಯನ್ನು ಸೀಲಿನ ತುಟಿ ದಾಟಿಸಿ ಹೊರತಳ್ಳುತ್ತದೆ. ಬಿಸಿಯಾದ ಆಕ್ಸಲ್ ಬೆಣ್ಣೆಹಳ್ಳದಂಥ ಹಳ್ಳದಲ್ಲಿ ಇಳಿದಾಗ ಇದಕ್ಕೆ ತದ್ವಿರುದ್ಧವಾದದ್ದು ನಡೆಯುತ್ತದೆ: ಒಳಗಿನ ಗಾಳಿ ಥಟ್ಟನೆ ತಣಿದು ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ನನ್ನ ಗಾಡಿಗೆ ಒಂದು ಗ್ಯಾರೇಜಿನಲ್ಲಿ ನಾಲ್ಕು ತಿಂಗಳಲ್ಲಿ ಎರಡು ಸಲ ಹೊಸ ಸೀಲ್ ಹಾಕಿದರು, ಎರಡೂ ಸಲ ಸೋರಿತು. ಮೂರನೆಯ ಸಲ ನಾನೇ ಕೆಳಗೆ ಮಲಗಿ ಬ್ರೀದರ್ ಬಿಚ್ಚಿದಾಗ, ಒಣಗಿದ ಎರೆ ಮಣ್ಣು ಅದರಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿತ್ತು. ಗುಂಡುಸೂಜಿಯಿಂದ ಕೆದಕಿದರೂ ಪುಡಿಪುಡಿಯಾಗಿಯೇ ಉದುರಿತು. ಬ್ರೀದರನ್ನು ಪೆಟ್ರೋಲಿನಲ್ಲಿ ತೊಳೆದು, ಬಾಯಿಂದ ಊದಿ ಗಾಳಿ ಆಡುವುದನ್ನು ಖಚಿತಪಡಿಸಿಕೊಳ್ಳಬೇಕು. ಹಳ್ಳ ದಾಟುವವರು ಎಣ್ಣೆಗೆ ಕರಗದ ರಬ್ಬರ್ ಪೈಪು ಜೋಡಿಸಿ ಅದರ ತುದಿಯನ್ನು ಚಾಸಿಗಿಂತ ಮೇಲಕ್ಕೆ ಕಟ್ಟಿಕೊಳ್ಳುವುದು ಒಳ್ಳೆಯದು.

ಇನ್ನು ಬಿಚ್ಚುವ ಕೆಲಸ. ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ ಚಾಸಿಯ ಕೆಳಗೆ ಸ್ಟ್ಯಾಂಡ್ ಇಡಬೇಕು. ಬರೀ ಜ್ಯಾಕ್ ನಂಬಿ ಕೆಳಗೆ ನುಸುಳಬಾರದು. ಎಣ್ಣೆ ಇಳಿಸುವಾಗ ಮೊದಲು ತುಂಬುವ ಪ್ಲಗ್ಗನ್ನೇ ಬಿಚ್ಚಬೇಕು. ಕೆಳಗಿನ ಪ್ಲಗ್ ಬಿಚ್ಚಿ ಎಣ್ಣೆಯೆಲ್ಲ ಇಳಿದ ಮೇಲೆ ಮೇಲಿನದು ಜಪ್ಪಯ್ಯ ಎಂದರೂ ಬರಲಿಲ್ಲವೆಂದರೆ ಗಾಡಿ ಅಲ್ಲೇ ಉಳಿಯುತ್ತದೆ. ಇಳಿದ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ ಎಂದರ್ಥ.

ಚಕ್ರ ತೆಗೆದ ಮೇಲೆ ಡ್ರಮ್ ಕಚ್ಚಿಕೊಂಡಿದ್ದರೆ ಸುತ್ತಿಗೆ ಬೇಡ. ಡ್ರಮ್ಮಿನ ಮುಖದ ಎರಡು ಥ್ರೆಡ್ ರಂಧ್ರಗಳಿಗೆ 8 ಮಿ.ಮೀ. ಬೋಲ್ಟುಗಳನ್ನು ಸರದಿಯಂತೆ ಬಿಗಿಯುತ್ತ ಹೋದರೆ ಡ್ರಮ್ ತಾನಾಗಿ ಹೊರಬರುತ್ತದೆ. ವೀಲ್ ಸಿಲಿಂಡರಿನ ಬ್ರೇಕ್ ಪೈಪು ಕಳಚಿ ಅದರ ಬಾಯಿ ಮುಚ್ಚಬೇಕು. ಬ್ರೇಕ್ ಶೂಗಳನ್ನು ಹೊತ್ತ ತಗಡು, ಅಂದರೆ ಬ್ಯಾಕ್ ಪ್ಲೇಟಿನ ಹಿಂದಿರುವ ನಾಲ್ಕು ನಟ್ ತೆಗೆದರೆ ಶಾಫ್ಟ್, ಬೇರಿಂಗ್, ಬ್ಯಾಕ್ ಪ್ಲೇಟ್ ಒಟ್ಟಿಗೆ ಹೊರಬರಲು ಸಿದ್ಧ. ಸ್ಲೈಡ್ ಹ್ಯಾಮರ್ (ಕಂಬಿಯ ಮೇಲೆ ಜಾರುವ ಭಾರದ ಪೆಟ್ಟಿನಿಂದ ಹೊರಕ್ಕೆಳೆಯುವ ಸಲಕರಣೆ) ಇಲ್ಲದಿದ್ದರೆ ಡ್ರಮ್ಮನ್ನೇ ತಿರುವಿ ಹಾಕಿ, ವೀಲ್ ನಟ್‌ಗಳನ್ನು ತುದಿಗಷ್ಟೇ ತಿರುಗಿಸಿ ಹೊರಕ್ಕೆ ಜಗ್ಗಿ ಹೊಡೆದರೂ ಶಾಫ್ಟ್ ಕಳಚಿಕೊಳ್ಳುತ್ತದೆ.

ಹಳೆಯ ಸೀಲ್ ಆಕ್ಸಲ್ ಕೊಳವೆಯ ಬಾಯಲ್ಲಿಯೇ ಉಳಿದಿರುತ್ತದೆ. ಅದನ್ನು ಮೀಟಿ ತೆಗೆಯುವಾಗ ಕೊಳವೆಯ ಒಳಮೈಗೆ ಗೀರು ಬೀಳದಂತೆ ನೋಡಿಕೊಳ್ಳಬೇಕು. ಆಮೇಲೆ ಸೀಲಿನ ತುಟಿ ಉಜ್ಜುವ ಜಾಗಕ್ಕೆ ಉಗುರು ಹಾಯಿಸಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ತೋಡು ಬಿದ್ದಿದ್ದರೆ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ಸೋರುತ್ತದೆ. ಬೇರಿಂಗನ್ನು ಕೈಯಿಂದ ತಿರುಗಿಸಿದಾಗ ಮರಳು ಅರೆದಂತಾದರೆ ಅದೂ ಹೋಗಿದೆ. ಸಡಿಲವಾದ ಬೇರಿಂಗಿನಿಂದ ಶಾಫ್ಟ್ ಅಲುಗಾಡಿ ಸೀಲಿನ ತುಟಿ ತಿಂದುಹಾಕುತ್ತದೆ. ಬೇರಿಂಗನ್ನು ಹಿಡಿದಿಟ್ಟಿರುವ ಉಂಗುರ ಪ್ರೆಸ್ಸಿನಿಂದ ಕೂರಿಸಿದ್ದಾದ್ದರಿಂದ ಮನೆಯಲ್ಲಿ ಅದನ್ನು ಬಡಿಯುವ ಸಾಹಸ ಬೇಡ. ಶಾಫ್ಟನ್ನು ಹುಬ್ಬಳ್ಳಿಯ ಗೋಕುಲ ರಸ್ತೆ ಕೈಗಾರಿಕಾ ವಸಾಹತಿನಂಥ ಕಡೆ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ದು, ಹೊಸ ಬೇರಿಂಗಿನ ಜೊತೆ ಹೊಸ ಉಂಗುರವನ್ನೇ ಹಾಕಿಸಬೇಕು.

ಹೊಸ ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ, ಅಂದರೆ ಆಕ್ಸಲ್ ನಡುವೆ ಎರಡೂ ಶಾಫ್ಟುಗಳಿಗೆ ಶಕ್ತಿ ಹಂಚುವ ಗೇರುಗಳಿರುವ ಡಿಫರೆನ್ಷಿಯಲ್ ಕಡೆಗೆ ಇರಬೇಕು. ತುಟಿಗೆ ಗ್ರೀಸ್ ಸವರಿ, ಸೀಲಿನ ಹೊರ ಅಂಚಿನಷ್ಟೇ ಅಗಲದ ಕೊಳವೆ ತುಂಡನ್ನು ಮೇಲಿಟ್ಟು ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟುತ್ತ ಕೂರಿಸಬೇಕು. ನೇರವಾಗಿ ಸುತ್ತಿಗೆಯಿಂದ ಹೊಡೆದ ಸೀಲ್ ಒಂದು ಬದಿ ಓರೆಯಾಗುತ್ತದೆ. ಶಾಫ್ಟನ್ನು ಒಳಗೆ ಬಿಡುವಾಗ ಅದರ ಭಾರ ತುಟಿಯ ಮೇಲೆ ಬೀಳದಂತೆ ಕೈಯಲ್ಲಿ ಎತ್ತಿ ಹಿಡಿದು, ಹಲ್ಲುಗಳು ಡಿಫರೆನ್ಷಿಯಲ್ ಒಳಗೆ ಕೂಡುವವರೆಗೆ ಅತ್ತಿತ್ತ ತುಸು ತಿರುಗಿಸಬೇಕು. ಹೊಸ ಸೀಲ್ ಹೆಚ್ಚಾಗಿ ಹರಿಯುವುದು ಈ ಒಂದು ನಿಮಿಷದಲ್ಲಿಯೇ.

ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಅಥವಾ ಬೆಂಕಿಯಲ್ಲಿ ಸುಟ್ಟು ಮತ್ತೆ ಹಾಕುವ ರೂಢಿ ಕೆಲವು ಕಡೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಹೀರಿಕೊಂಡ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಎರಡೂ ಹಿಂದಿನ ಚಕ್ರಗಳಿಗೆ ಹೊಸ ಶೂ ಹಾಕಬೇಕು. ಪೈಪು ಕಳಚಿದ್ದರಿಂದ ಬ್ರೇಕಿನ ಗಾಳಿ ತೆಗೆಯುವುದೂ ಕಡ್ಡಾಯ.

ಗಾಡಿಯ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಗೇರ್ ಆಯಿಲನ್ನು, ಗಾಡಿ ಸಮತಟ್ಟಾಗಿ ನಿಂತಿರುವಾಗ, ತುಂಬುವ ರಂಧ್ರದ ಕೆಳ ಅಂಚಿನಿಂದ ಒಸರಲು ತೊಡಗುವವರೆಗೆ ಹಾಕಿದರೆ ಸಾಕು. ಅದಕ್ಕಿಂತ ಹೆಚ್ಚು ತುಂಬಿದರೆ ಅದೇ ಮತ್ತೊಂದು ಸೋರಿಕೆಗೆ ಕಾರಣವಾಗುತ್ತದೆ. ಹಳೆಯ ಎಣ್ಣೆಯನ್ನು ಗಟಾರಕ್ಕೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗುಜರಿ ಎಣ್ಣೆ ಕೊಳ್ಳುವವರಿಗೆ ಕೊಡಬೇಕು.

ಖಾಲಿ ರಸ್ತೆಯಲ್ಲಿ ಬ್ರೇಕ್ ಪರೀಕ್ಷಿಸಿ, ಹತ್ತು-ಹದಿನೈದು ಕಿಲೋಮೀಟರ್ ಓಡಿಸಿ ಬಂದು ಎರಡೂ ಡ್ರಮ್ಮುಗಳ ಹತ್ತಿರ ಕೈ ಹಿಡಿದು ನೋಡಬೇಕು. ಒಂದು ಮಾತ್ರ ವಿಪರೀತ ಕಾದಿದ್ದರೆ ಶೂ ಉಜ್ಜುತ್ತಿದೆ ಅಥವಾ ಬೇರಿಂಗ್ ಸರಿಯಿಲ್ಲ. ವೀಲ್ ನಟ್‌ಗಳನ್ನು ಇನ್ನೊಮ್ಮೆ ಬಿಗಿದು, ಬ್ಯಾಕ್ ಪ್ಲೇಟಿಗೆ ಮತ್ತೆ ಚಾಕ್ ಪುಡಿ ಬಳಿದು, ವಾರ ಬಿಟ್ಟು ನೋಡಬೇಕು. ಅಲ್ಲಿ ಬಿಳುಪು ಹಾಗೇ ಇದ್ದು, ಡಿಫರೆನ್ಷಿಯಲ್ ಮುಂಭಾಗದಲ್ಲಿ ಪ್ರೊಪೆಲರ್ ಶಾಫ್ಟ್ ಸೇರುವ ಕಡೆ ಒದ್ದೆ ಕಂಡರೆ ಅದು ಪಿನಿಯನ್ ಸೀಲ್. ಅದರ ನಟ್ಟಿನ ಬಿಗಿತದ ಮೇಲೆ ಬೇರಿಂಗುಗಳ ಒತ್ತಡ ನಿಂತಿರುವುದರಿಂದ ಆ ಕೆಲಸವನ್ನು ಕೈ ಪಳಗಿದ ಮೆಕ್ಯಾನಿಕ್‌ಗೆ ಬಿಡಬೇಕು.